ಒಗ್ಗರಣೆ ಹಾಕದ ಮನೆ

ಪೀಣ್ಯ ಎರಡನೇ ಹಂತ
14-3-2006

ಬೀಗಿತ್ತಿ ಸೊಣ್ಣಮ್ಮನವರಿಗೆ ವಸಂತಮ್ಮನ ನಮಸ್ಕಾರ.

ನೀವು ಚೆನ್ನಾಗೇ ಇರುತ್ತೀರಿ, ಅದನ್ನು ಕೇಳಲು ಬರೆಯುತ್ತಿಲ್ಲ. ಹೋದ ವರ್ಷ ನಮ್ಮಲ್ಲಿ ನಡೆದ ಬೀಗರೂಟದಲ್ಲಿ ನೀವು ಪಂಕ್ತಿಯ ನಡುವೆ ಕೂತು "ಮುದ್ದೆ ತಣ್ಣಗದೆ" ಎಂದು ಎಲೆ ಸರಿಸಿ ಎದ್ದಿರಿ. ಪೀಣ್ಯದ ಅರ್ಧ ಫ್ಯಾಕ್ಟರಿಗಳ ಹುಡುಗರು ನನ್ನ ಮೆಸ್ಸಿನ ಮುದ್ದೆ ತಿಂದು ಬದುಕಿದ್ದಾರೆ, ಒಬ್ಬನೂ ಇವತ್ತಿನವರೆಗೆ ಹಾಗೆ ಎದ್ದಿಲ್ಲ. ಆವತ್ತೇ ಆಣೆ ಇಟ್ಟುಕೊಂಡೆ, ನಿಮ್ಮ ಜೊತೆ ಬಾಯಿಬಿಟ್ಟು ಮಾತಾಡುವುದಿಲ್ಲ ಎಂದು. ಆದ್ದರಿಂದ ಈ ಕಾಗದ.

ನಿನ್ನೆ ನಿಮ್ಮ ಮಗ ಶಿವಶಂಕರ್ ಶಿಫ್ಟ್ ಮುಗಿಸಿ ಮೆಸ್ಸಿಗೆ ಬಂದು, ಊಟ ಮಾಡಿ, ಕೈ ತೊಳೆದುಕೊಂಡು, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದರು, "ಅತ್ತೆ, ಲಾವಣ್ಯಂಗೆ ಅಮ್ಮ ಆಗೈತೆ" ಅಂತ. ಅಂದರೆ ಸೀತಾಳೆ ಸಿಡುಬು. ಯಾವಾಗಿನಿಂದ ಅಂದರೆ ಮೂರು ದಿನ ಆಯಿತಂತೆ. ನನ್ನ ಮಗಳಿಗೆ ಮೈ ತುಂಬ ಗುಳ್ಳೆ ಎದ್ದು ಮೂರು ದಿನವಾದರೂ ಹೆತ್ತವಳಿಗೆ ಒಂದು ಮಾತು ಹೇಳಬೇಕು ಅಂತ ನಿಮಗೆ ಅನ್ನಿಸಲಿಲ್ಲ.

ಅವಳ ಆಫೀಸಿನಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತಿದೆಯಂತೆ. ಒಂದೇ ಕ್ಯಾಬ್‌ನಲ್ಲಿ ಓಡಾಡುವವರು, ಒಬ್ಬರಿಗೆ ಬಂದರೆ ಎಲ್ಲರಿಗೂ ಬರುತ್ತದೆ. ಆಫೀಸಿನ ಡಾಕ್ಟರು ಎಲ್ಲರಿಗೂ ಒಂದು ಹಾಳೆ ಕೊಟ್ಟಿದ್ದಾರೆ. ಗುಳ್ಳೆ ಒಣಗುವ ತನಕ ಮನೆ ಬಿಟ್ಟು ಹೊರಗೆ ಬರಬೇಡಿ, ಬೇಳೆ, ಸೊಪ್ಪು, ಮೊಟ್ಟೆ, ಹಣ್ಣು ತಿನ್ನಿ, ನೀರು ಚೆನ್ನಾಗಿ ಕುಡಿಯಿರಿ, ಮೈಗೆ ಶಕ್ತಿ ಬೇಕು ಎಂದು ಅದರಲ್ಲಿದೆ. ಅಳಿಯಂದಿರು ತೋರಿಸಿದರು. ಮನೆಯಲ್ಲಿ ಏನು ಕೊಡುತ್ತಿದ್ದೀರಿ ಎಂದು ಕೇಳಿದೆ. ಅಂಬಲಿ ಮತ್ತು ಮೊಸರನ್ನ ಅಂದರು. ಬೆಳಿಗ್ಗೆ? ಅಂಬಲಿ. ರಾತ್ರಿ? ಮೊಸರನ್ನ. ಬೇಳೆಯ ಒಂದು ಕಾಳೂ ಇಲ್ಲ.

ಮದುವೆಗೆ ಮುಂಚೆ ಅವಳು ಗುಂಡುಗುಂಡಾಗಿದ್ದಳು. ಈಗ ನೋಡಿದರೆ ಕೊರಳ ಮೂಳೆ ಕಾಣುತ್ತದೆ. ಅದರ ಮೇಲೆ ಈ ಜ್ವರ. ದಯವಿಟ್ಟು ಅವಳಿಗೆ ದಿನಕ್ಕೊಂದು ಮೊಟ್ಟೆ, ಬೇಳೆ ಕಟ್ಟು, ಸೊಪ್ಪು ಕೊಡಿ. ಆಗುವುದಿಲ್ಲವಾದರೆ ಆಟೋದಲ್ಲಿ ಕೂರಿಸಿ ಪೀಣ್ಯಕ್ಕೆ ಕಳಿಸಿ, ನಾನು ನೋಡಿಕೊಳ್ಳುತ್ತೇನೆ.

ಇಂತಿ,
ವಸಂತಮ್ಮ


ಬೆಳ್ಳಂದೂರು
15-3-2006

ವಸಂತಮ್ಮನವರಿಗೆ ಸೊಣ್ಣಮ್ಮ ಮಾಡುವ ನಮಸ್ಕಾರ.

ನನ್ನ ಮಗನ ಕೈಲಿ ಕಳಿಸಿದ ನಿಮ್ಮ ಕಾಗದ ಸೇರಿತು. ನಾನು ಏಳನೇ ಕ್ಲಾಸು ಪಾಸು ಮಾಡಿದವಳು, ಇನ್ನೊಬ್ಬರ ಕೈಲಿ ಓದಿಸಲಿಲ್ಲ. ಮುದ್ದೆ ತಣ್ಣಗಿತ್ತು. ಈಗಲೂ ಹೇಳುತ್ತೇನೆ, ತಣ್ಣಗಿತ್ತು.

ಇನ್ನು ಉಳಿದ ವಿಷಯ. ಅಮ್ಮ ಬಂದ ಮನೆಯಲ್ಲಿ ಹೇಗಿರಬೇಕು ಎಂದು ಮೆಸ್ಸಿನವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಕೇಳಿಕೊಳ್ಳಿ. ತಾಯಿ ಮನೆಯಲ್ಲಿರುವಷ್ಟು ದಿನ ಒಗ್ಗರಣೆ ಹಾಕಬಾರದು, ಆ ಘಾಟು ಅವಳಿಗೆ ಆಗದು. ಎಣ್ಣೆಯಲ್ಲಿ ಏನೂ ಕರಿಯಬಾರದು. ಮೊಟ್ಟೆ, ಮಾಂಸ ಹೊಸ್ತಿಲು ದಾಟಬಾರದು. ಹೊರಗಿನವರು ಒಳಗೆ ಬರಬಾರದು, ಅಮ್ಮ ಬಂದವರು ಹೊರಗೆ ಹೋಗಬಾರದು. ನೋವು, ಉರಿ, ಕಾಯಿಲೆ ಎನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ತಾಯಿ ಬಂದಿದ್ದಾಳೆ, ತಣ್ಣಗೆ ಹೋಗುತ್ತಾಳೆ ಎನ್ನಬೇಕು, ಅಷ್ಟೆ. ಆಟೋ ಅಂತೀರಲ್ಲ, ಅವಳನ್ನು ಆಟೋದಲ್ಲಿ ಕೂರಿಸಿ ಊರಿಗೆಲ್ಲ ಹಂಚಿಕೊಂಡು ಬರಬೇಕಾ? ನಿಮ್ಮ ಡಾಕ್ಟರ ಹಾಳೆಯೂ ಮನೆ ಬಿಡಬೇಡಿ ಎಂದೇ ಹೇಳುತ್ತದಂತಲ್ಲ.

ಈ ಊರಿನ ಮಾರಮ್ಮನಿಗೆ ಮೊದಲ ತಂಪು, ಆ ಮೊಸರನ್ನದ ಗಡಿಗೆ, ಹೋಗುವುದು ನಮ್ಮ ಮನೆಯಿಂದ. ನನ್ನ ಅತ್ತೆಯ ಅತ್ತೆ ಕಾಲದಿಂದ ನಡೆದು ಬಂದಿದೆ. ನಮ್ಮ ರಾಗಿ ಹೊಲದಲ್ಲಿ ಈಗ ಕಂಪನಿಯವರು ಕಾರು ನಿಲ್ಲಿಸುತ್ತಾರೆ, ಸುತ್ತ ಗಾಜಿನ ಕಟ್ಟಡ ಎದ್ದಿದೆ, ಆದರೂ ಗುಡಿ ಅಲ್ಲೇ ಇದೆ, ಗಡಿಗೆ ಹೊರುವವಳು ನಾನೇ. ಬೇರೆ ಮನೆಯವರು ತಪ್ಪು ಮಾಡಿದರೆ ತಾಯಿ ಕ್ಷಮಿಸಬಹುದು. ನಮ್ಮನ್ನು ಕ್ಷಮಿಸುವುದಿಲ್ಲ.

ನಿಮ್ಮ ಮಗಳೊಬ್ಬಳಿಗೆ ಸಪ್ಪೆ ಹಾಕಿ ನಾವು ಪಲಾವ್ ತಿನ್ನುತ್ತಿದ್ದೇವೆ ಎಂದುಕೊಂಡಿರಾ? ನಾನು, ನನ್ನ ಯಜಮಾನರು, ಎಲ್ಲರೂ ಅದನ್ನೇ ತಿನ್ನುತ್ತಿದ್ದೇವೆ. ರಾಗಿ ಅಂಬಲಿಗೆ ಹುಳಿ ಮಜ್ಜಿಗೆ, ಉಪ್ಪು ಹಾಕಿ ಲೋಟ ತುಂಬ ಕೊಡುತ್ತೇನೆ. ದಿನಾ ಎಳನೀರು ತರಿಸುತ್ತೇನೆ. ರಾಗಿಗಿಂತ ಶಕ್ತಿ ಕೊಡುವುದು ಯಾವುದಿದೆ, ನಿಮ್ಮ ಹಾಳೆ ಹೇಳಲಿ. ತಟ್ಟೆ ಬಾಗಿಲ ಹತ್ತಿರ ಇಡುತ್ತೇನೆ, ಖಾಲಿಯಾಗಿ ವಾಪಸು ಬರುತ್ತದೆ. ನೀವು ನಿಮ್ಮ ಒಲೆ ನೋಡಿಕೊಳ್ಳಿ.

ಇಂತಿ ನಿಮ್ಮ ಬೀಗಿತ್ತಿ,
ಸೊಣ್ಣಮ್ಮ


ಪೀಣ್ಯ
18-3-2006

ಸೊಣ್ಣಮ್ಮನವರಿಗೆ ವಸಂತಮ್ಮನ ನಮಸ್ಕಾರ.

ಖಾಲಿ ತಟ್ಟೆಯ ಲೆಕ್ಕ ಹೇಳಿದಿರಿ, ಸಂತೋಷ. ನನ್ನ ಮಗಳ ಬಾಯಿಗೆ ಬೀಗ ಹಾಕಿದ್ದು ಯಾಕೆಂದು ಹೇಳಲಿಲ್ಲ. ದಿನಾ ಸಂಜೆ ಮೆಸ್ಸಿನ ಪಕ್ಕದ ಕಾಯಿನ್ ಬೂತಿನಿಂದ ನಿಮ್ಮ ಮನೆಗೆ ಫೋನ್ ಮಾಡುತ್ತೇನೆ. ನಿಮ್ಮ ಯಜಮಾನರು ಎತ್ತಿ ಅವಳಿಗೆ ಕೊಡುತ್ತಾರೆ. ಊಟ ಆಯ್ತಾ ಮಗಳೇ? "ಹ್ಞೂಂ." ಜ್ವರ ಬಿಟ್ಟಿತಾ? "ಹ್ಞೂಂ." ನಿಮ್ಮತ್ತೆ ಅಲ್ಲೇ ನಿಂತಿದಾರಾ? "ಹ್ಞೂಂ." ಹುಟ್ಟಿದಾಗಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದ ಹುಡುಗಿ ಅದು. ಅವಳಪ್ಪ ಇದ್ದಾಗ ರೇಡಿಯೋ ಬೇಡ ಬಿಡು, ಇವಳೇ ಸಾಕು ಅನ್ನುತ್ತಿದ್ದರು. ಅಂಥವಳು ಹೆತ್ತ ತಾಯಿ ಜೊತೆ ಹ್ಞೂಂಗುಟ್ಟುತ್ತಾಳೆ ಅಂದರೆ ಪಕ್ಕದಲ್ಲಿ ಎಂಥ ಪಹರೆ ಇರಬೇಕು. ನಿನ್ನೆ ಏನೋ ಹೇಳಲು ಶುರುಮಾಡಿದಳು, "ಅಮ್ಮಾ, ನುಂಗಕ್ಕೆ..." ಅಂದಳು. ನನಗೆ ಅಷ್ಟು ಸಾಕಾಗಿತ್ತು. ಆ ಸಪ್ಪೆ ಯಾರಿಗೆ ನುಂಗೋಕಾಗುತ್ತೆ, ನಿಮ್ಮತ್ತೆಗೆ ಬುದ್ಧಿ ಇದೆಯಾ ಎಂದು ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನೀವು ಕೇಳಿಸಿಕೊಂಡಿದ್ದರೆ ಒಳ್ಳೆಯದೇ ಆಯಿತು.

ಇವತ್ತಿನಿಂದ ಅಳಿಯಂದಿರ ಕೈಲಿ ಕ್ಯಾರಿಯರ್ ಕಳಿಸುತ್ತೇನೆ. ಹೆದರಬೇಡಿ, ನಿಮ್ಮ ತಾಯಿಗೆ ಆಗುವಂಥದ್ದನ್ನೇ ಕಳಿಸುತ್ತೇನೆ. ಮೇಲೆ ಮಜ್ಜಿಗೆ, ಅದರ ಕೆಳಗೆ ಮೊಸರನ್ನ, ಒಗ್ಗರಣೆ ಇಲ್ಲ. ಮೂಸಿ ನೋಡಿಕೊಳ್ಳಿ.

ಇಂತಿ,
ವಸಂತಮ್ಮ


ಅದೇ ದಿನ

ಅಳಿಯಂದಿರಿಗೆ,

ಬಸ್ಸಿನಲ್ಲಿ ಇದನ್ನು ಓದಿ ಹರಿದುಬಿಡಿ. ಕ್ಯಾರಿಯರಿನಲ್ಲಿ ಎಲ್ಲಕ್ಕೂ ಕೆಳಗೆ ಇನ್ನೊಂದು ಡಬ್ಬಿ ಇದೆ. ಅದರಲ್ಲಿ ಎರಡು ಬೇಯಿಸಿದ ಮೊಟ್ಟೆ, ಮಸಾಲೆ ಸವರಿದ್ದೇನೆ. ಅದೇ ಡಬ್ಬಿಯ ತಳದಲ್ಲಿ ಬೇಳೆ ಸಾರು. ನಿಮ್ಮ ತಾಯಿಯ ಕಣ್ಣಿಗೆ ಬೀಳದ ಹಾಗೆ ಅವಳಿಗೆ ತಿನ್ನಿಸಿ, ಡಬ್ಬಿ ತೊಳೆದು ತನ್ನಿ. ದಿನಾ ಹೀಗೇ. ಅವಳು ಎದ್ದು ಓಡಾಡುವುದು ನಿಮ್ಮ ಕೈಯಲ್ಲಿದೆಯಪ್ಪ. ಬೇರೆ ಯಾರನ್ನು ಕೇಳಲಿ.

ವಸಂತಮ್ಮ


ಬೆಳ್ಳಂದೂರು
22-3-2006

ವಸಂತಮ್ಮನವರಿಗೆ,

ನಮಸ್ಕಾರ ಹೇಳಲು ಕೈ ಬರುತ್ತಿಲ್ಲ.

ಇವತ್ತು ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂದಿರಲಿಲ್ಲ. ನಿಮ್ಮ ಕ್ಯಾರಿಯರನ್ನು ನನ್ನ ಮಗ ತೊಳೆಯದೇ ಇಟ್ಟಿದ್ದ. ನಾನು ಕೊಡದಲ್ಲಿದ್ದ ನೀರಿನಲ್ಲಿ ತೊಳೆಯೋಣ ಎಂದು ಬಿಚ್ಚಿದೆ. ಮೇಲಿನದು ಸರಿ. ನಡುವಿನದು ಸರಿ. ಕೆಳಗಿನ ಡಬ್ಬಿಯ ಅಂಚಿಗೆ ಮೊಟ್ಟೆಯ ಹಳದಿ ಅಂಟಿತ್ತು. ಬೆರಳಿಗೆ ಮಸಾಲೆ ಹತ್ತಿತು. ಅಮ್ಮ ಕೂತಿರುವ ಮನೆಯ ನಡುಮನೆಯಲ್ಲಿ, ಬೇವಿನ ಸೊಪ್ಪು ಕಟ್ಟಿರುವ ಬಾಗಿಲ ಎದುರಿಗೆ ನಿಂತು ನಾನು ಮೊಟ್ಟೆಯ ಡಬ್ಬಿ ಹಿಡಿದುಕೊಂಡಿದ್ದೆ. ಮಗನನ್ನು ಕರೆದು "ಎಷ್ಟು ದಿವ್ಸದಿಂದ ಇಂಗೆ ನಡೀತಾ ಐತೆ?" ಎಂದು ಕೇಳಿದೆ. ಅವನು ಗೋಡೆ ನೋಡಿಕೊಂಡು ನಿಂತ. ದಿನಾ ಅಂತ ಗೊತ್ತಾಯಿತು.

ಈಗ ಕೇಳಿ. ನೆನ್ನೆಯಿಂದ ಅವಳಿಗೆ ಜ್ವರ ಇಳಿದದ್ದು ಮತ್ತೆ ಏರಿದೆ. ಕೆಮ್ಮು ಶುರುವಾಗಿದೆ. ಒಣಗಬೇಕಾದ ಹೊತ್ತಿಗೆ ಹೀಗೆ. ಎಳನೀರು ಶೀತ ಎಂದು ನಿಲ್ಲಿಸಿದ್ದೇನೆ. ಯಾಕೆ ಏರಿತು ಎಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಈಗ ಗೊತ್ತಾಯಿತು.

ನಾನು ಹೊಸದಾಗಿ ಈ ಮನೆಗೆ ಬಂದಾಗ ನನ್ನ ಓರಗಿತ್ತಿಯ ಮಗುವಿಗೆ ಅಮ್ಮ ಬಂದಿತ್ತು. ಮೂರು ವರ್ಷದ ಹುಡುಗ, ಪಾಪಣ್ಣ ಎಂದು ಕರೆಯುತ್ತಿದ್ದೆವು. ಓರಗಿತ್ತಿ ಗಂಡನಿಗೆ ಸಾರು ಬೇಕೆಂದು ಒಗ್ಗರಣೆ ಹಾಕಿದಳು. ಎರಡು ದಿನಕ್ಕೆ ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡಿತು. ಟವೆಲಿನಲ್ಲಿ ಸುತ್ತಿ ಕೆರೆ ಅಂಗಳಕ್ಕೆ ತೆಗೆದುಕೊಂಡು ಹೋದವರು ನನ್ನ ಯಜಮಾನರು. ನೀವು ಇದನ್ನು ಮೂಢನಂಬಿಕೆ ಅನ್ನಿ. ನಾನು ಆ ಟವೆಲು ಒಗೆದವಳು.

ನಿಮ್ಮ ಮಗಳಿಗೆ ಏನಾದರೂ ಆದರೆ ಅದು ನಿಮ್ಮ ಕೈಯಾರೆ ಆದದ್ದು. ಹೆತ್ತ ತಾಯಿ ವಿಷ ಕಳಿಸಿದ ಹಾಗೆ ಮೊಟ್ಟೆ ಕಳಿಸಿದಿರಿ. ಇವತ್ತು ನಾನು ಒದ್ದೆ ಸೀರೆಯಲ್ಲಿ ಗುಡಿಗೆ ಹೋಗಿ ಹೊರಗೇ ಅಡ್ಡಬಿದ್ದು ಬಂದೆ. ನಿಮ್ಮ ಹೆಸರಿನಲ್ಲೂ ತಪ್ಪಾಯಿತು ಎಂದು ಹೇಳಿ ಬಂದಿದ್ದೇನೆ, ನಿಮಗೆ ಹೇಳುವ ಅಭ್ಯಾಸ ಇರಲಾರದು. ಕ್ಯಾರಿಯರ್ ಇನ್ನು ನಮ್ಮ ಬೀದಿಗೆ ಬರಕೂಡದು.

ಸೊಣ್ಣಮ್ಮ


ಪೀಣ್ಯ
23-3-2006

ಸೊಣ್ಣಮ್ಮನವರಿಗೆ,

ಹೌದು, ಕಳಿಸಿದೆ. ದಿನಾ ಕಳಿಸಿದೆ. ಒಂದು ದಿನ ಕೈಮಾ ಉಂಡೆಯನ್ನೂ ಕಳಿಸಿದೆ, ಅದು ನಿಮಗೆ ಗೊತ್ತಾಗಿಲ್ಲ, ಗೊತ್ತಾಗಲಿ. ನನ್ನ ಮಗಳು ಇವತ್ತು ಉಸಿರಾಡುತ್ತಿದ್ದರೆ ಆ ಕೆಳಗಿನ ಡಬ್ಬಿಯಿಂದ. ನಿಮ್ಮ ಅಂಬಲಿಯನ್ನು ನಂಬಿಕೊಂಡಿದ್ದರೆ ಇಷ್ಟು ಹೊತ್ತಿಗೆ ಏನಾಗುತ್ತಿತ್ತೋ.

ಆ ಮಗುವಿನ ವಿಷಯ ಓದಿದೆ. ಸುಳ್ಳು ಹೇಳುವುದಿಲ್ಲ, ಒಲೆ ಆರಿಸಿ ಬಂದು ಇನ್ನೊಂದು ಸಲ ಓದಿದೆ. ಆದರೆ ಸೊಣ್ಣಮ್ಮನವರೇ, ಮಗುವನ್ನು ಡಾಕ್ಟರಿಗೆ ತೋರಿಸಿದ್ದರಾ? ಒಗ್ಗರಣೆ ಹಾಕಿದ ಆ ತಾಯಿಯ ತಲೆ ಮೇಲೆ ಮಗುವನ್ನು ಕೊಂದ ಪಾಪ ಹೊರಿಸಿ ಊರೆಲ್ಲ ಕೈ ತೊಳೆದುಕೊಂಡಿತಲ್ಲ, ಅವಳು ಅದನ್ನು ಹೇಗೆ ಹೊತ್ತು ಬದುಕಿದಳೋ. ಈಗ ಅದೇ ಮೂಟೆಯನ್ನು ನನಗೂ ಹೊರಿಸಲು ಬಂದಿದ್ದೀರಿ. ನಾನು ಹೊರುವುದಿಲ್ಲ.

ಕೆಮ್ಮು ಬಂದಿದೆ, ಜ್ವರ ಏರಿದೆ ಎಂದು ನೀವೇ ಬರೆದಿದ್ದೀರಿ. ಗುಡಿಗೆ ಹೋದಿರಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ನಾಡಿದ್ದು ಮೆಸ್ಸಿಗೆ ಬಾಗಿಲು ಹಾಕಿ ಬರುತ್ತೇನೆ. ಒಳಗೆ ಬಿಡಬೇಡಿ, ಪರವಾಗಿಲ್ಲ. ನಿಮ್ಮ ಹೊಸ್ತಿಲಾಚೆ, ಬೀದಿಯಲ್ಲಿ ನಿಂತುಕೊಂಡು ನನ್ನ ಮಗಳನ್ನು ಕೂಗುತ್ತೇನೆ. ನಿಮ್ಮ ಬಾಡಿಗೆಯವರೆಲ್ಲ ಮಹಡಿ ಮೇಲಿಂದ ನೋಡಲಿ.

ವಸಂತಮ್ಮ


ಬೆಳ್ಳಂದೂರು
26-3-2006

ವಸಂತಮ್ಮನವರಿಗೆ,

ನೀವು ಬೀದಿಯಲ್ಲಿ ಕೂಗುವ ಅವಕಾಶ ಬರಲಿಲ್ಲ. ಅದಕ್ಕೂ ಮುಂಚೆಯೇ ಅವಳು ಬಚ್ಚಲಿನ ಹತ್ತಿರ ಬಿದ್ದಳು, ನನ್ನ ಮಗ ಎತ್ತಿಕೊಂಡು ಓಡಿದ. ಆಮೇಲಿನದು ನಿಮಗೂ ಗೊತ್ತು. ಆಸ್ಪತ್ರೆಯಲ್ಲಿ ಬೆಂಚಿನ ಆ ತುದಿಗೆ ನೀವು, ಈ ತುದಿಗೆ ನಾನು. ನಡುವೆ ಮೂರು ಜನ ಕೂರುವಷ್ಟು ಜಾಗ. ಪಾಪ, ನಿಂತಿದ್ದವರೊಬ್ಬರು ಬಂದು ಕೂರಲು ನೋಡಿ, ನಮ್ಮ ಮುಖ ನೋಡಿ ವಾಪಸು ಹೋದರು. ಒಬ್ಬರನ್ನು ಮಾತ್ರ ಒಳಗೆ ಬಿಡುತ್ತೇವೆ ಎಂದಾಗ ಇಬ್ಬರೂ ಎದ್ದೆವು. ಅವರು ಗಂಡನನ್ನು ಕರೆದರು.

ಈ ಕಾಗದ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನೀವು ಎದ್ದು ಹೋದ ಮೇಲೆ ನಡೆದದ್ದು ಇದು. ಆ ಡಾಕ್ಟರಮ್ಮ ಹೊರಗೆ ಬಂದು ನನ್ನ ಮಗನನ್ನು ಕೇಳಿದಳು, ಇವರು ಮನೆಯಲ್ಲಿ ಏನು ತಿನ್ನುತ್ತಿದ್ದರು ಎಂದು. ಮೈಯಲ್ಲಿ ನೀರೇ ಇಲ್ಲ, ಹೊಟ್ಟೆಗೆ ಏನೂ ಬಿದ್ದ ಹಾಗಿಲ್ಲ, ಅದರ ಮೇಲೆ ಎದೆಗೆ ಸೋಂಕು ಇಳಿದಿದೆ ಎಂದಳು. ಅವನು ತಡವರಿಸಿದ. ನಾನು, "ಮೊಟ್ಟೆ ತಿಂದವ್ಳೆ ಅಂತ ಯೋಳೋ, ಯಾಕೆ ಬಾಯಿ ಬರ್ತಿಲ್ವಾ?" ಎಂದೆ. ಆಗ ಹೇಳಿದ, "ಅವಳು ತಿಂದಿಲ್ಲಮ್ಮ. ನಾನೇ ತಿಂದೆ."

ಮನೆಯೊಳಗೆ ತರುವ ಧೈರ್ಯ ಅವನಿಗಿರಲಿಲ್ಲ. ನಿಮಗೆ ತುಂಬಿದ ಡಬ್ಬಿ ವಾಪಸು ಕೊಡುವ ಧೈರ್ಯವೂ ಇರಲಿಲ್ಲ. ದಿನಾ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸುವಾಗ ಪ್ಲಾಟ್‌ಫಾರಂ ಕಂಬದ ಹಿಂದೆ ನಿಂತು ಕೆಳಗಿನ ಡಬ್ಬಿ ಖಾಲಿ ಮಾಡುತ್ತಿದ್ದನಂತೆ. ನಿಮಗೆ ಹೋಗಿ "ಚೆನ್ನಾಗಿ ತಿಂದ್ಲು ಅತ್ತೆ" ಎನ್ನುತ್ತಿದ್ದ. ನಿಮ್ಮ ಮೊಟ್ಟೆ, ನಿಮ್ಮ ಕೈಮಾ ಉಂಡೆ, ಎಲ್ಲ ನನ್ನ ಮಗನ ಹೊಟ್ಟೆಗೆ ಹೋಗಿದೆ. ಅವನ ಪ್ಯಾಂಟು ಬಿಗಿಯಾಗಿದೆ ಎಂದು ನಾನು ಮೊನ್ನೆಯೇ ಅಂದುಕೊಂಡಿದ್ದೆ.

ಆ ಕ್ಷಣ ನನಗೆ ಏನನ್ನಿಸಿತು ಹೇಳಲಾ? ನಮ್ಮ ಮನೆಗೆ ಮೈಲಿಗೆ ತಟ್ಟಲಿಲ್ಲ, ತಾಯಿ ಕಾಪಾಡಿದಳು ಅನ್ನಿಸಿತು. ಗೆದ್ದೆ ಅನ್ನಿಸಿತು. ಸೊಸೆ ಒಳಗೆ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಮಲಗಿದ್ದಾಳೆ, ನಾನು ಹೊರಗೆ ಗೆದ್ದೆ ಅಂದುಕೊಂಡೆ. ಆಮೇಲೆ ಮಗನ ಕೆನ್ನೆಗೆ ಬಾರಿಸಿದೆ, ಅಲ್ಲೇ, ಎಲ್ಲರ ಎದುರಿಗೆ. ಯಾಕೆ ಹೊಡೆದೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ.

ನೀವು ವಿಷ ಕಳಿಸಿದಿರಿ ಎಂದು ಬರೆದಿದ್ದೆ. ಆ ಮಾತು ವಾಪಸು. ಬೇರೆ ಯಾವ ಮಾತೂ ವಾಪಸಿಲ್ಲ.

ಸೊಣ್ಣಮ್ಮ


ಪೀಣ್ಯ
28-3-2006

ಸೊಣ್ಣಮ್ಮನವರಿಗೆ,

ನಿಮ್ಮ ಮಗ ಇವತ್ತು ಮೆಸ್ಸಿನ ಮುಂದೆ ಬಂದು ನಿಂತರು. ಒಳಗೆ ಕರೆಯಲಿಲ್ಲ, ಊಟ ಹಾಕಲಿಲ್ಲ. ಮೆಸ್ಸು ಶುರುವಾದ ಮೇಲೆ ಹಸಿದು ಬಂದವರನ್ನು ಹಾಗೇ ಕಳಿಸಿದ್ದು ಇದೇ ಮೊದಲು. ಕಾಗದ ಮಾತ್ರ ಈಸಿಕೊಂಡೆ.

ಓದಿದಾಗಿನಿಂದ ಒಂದೇ ಯೋಚನೆ. ನಾನು ಕಳಿಸಿದ್ದನ್ನು ಅವಳ ಗಂಡ ತಿಂದ. ಸರಿ. ನೀವು ಕೊಟ್ಟ ಅಂಬಲಿ, ಮೊಸರನ್ನ? ತಟ್ಟೆ ಖಾಲಿ ಬರುತ್ತದೆ ಎಂದು ಬರೆದಿದ್ದೀರಿ. ನಾನು ಕಳಿಸಿದ ಮೇಲಿನ ಎರಡು ಡಬ್ಬಿಯೂ ಖಾಲಿ ಬರುತ್ತಿತ್ತು. ಹೊಟ್ಟೆಗೆ ಏನೂ ಬಿದ್ದ ಹಾಗಿಲ್ಲ ಎಂದು ಡಾಕ್ಟರಮ್ಮ ಹೇಳುತ್ತಾಳೆ. ಹಾಗಾದರೆ ಇಷ್ಟು ದಿನ ನನ್ನ ಮಗಳು ತಿಂದದ್ದು ಏನು? ನಿಮ್ಮ ತಟ್ಟೆ ಖಾಲಿ ಮಾಡುತ್ತಿದ್ದವರು ಯಾರು? ನಿಮ್ಮ ಮನೆಯಲ್ಲಿ, ನಿಮ್ಮ ಕಣ್ಣೆದುರಿಗೆ, ಬಾಗಿಲ ಆಚೆ ಒಂದು ಹುಡುಗಿ ಉಪವಾಸ ಬಿದ್ದಿದ್ದಳು. ನಿಮಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ, ನನ್ನ ಮೇಲೂ ಅಷ್ಟೇ ಸಿಟ್ಟಿದೆ, ಆದರೆ ಆ ಸಿಟ್ಟನ್ನು ನಾನು ನೋಡಿಕೊಳ್ಳುತ್ತೇನೆ. ನಿಮ್ಮದಕ್ಕೆ ಉತ್ತರ ನೀವು ಕೊಡಿ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವಳು ಪೀಣ್ಯಕ್ಕೆ ಬರುತ್ತಾಳೆ. ಇದರಲ್ಲಿ ಚರ್ಚೆ ಇಲ್ಲ. ಶುಕ್ರವಾರ ವರ್ಷದ ತೊಡಕು. ಹಬ್ಬದ ಮಾರನೇ ದಿನ ಬಾಡೂಟ ಇಲ್ಲದೆ ನನ್ನ ಮಗಳು ಯಾವ ವರ್ಷವೂ ಇದ್ದಿಲ್ಲ. ಆವತ್ತು ಬೆಳಿಗ್ಗೆಯೇ ಕುರಿ ಕಾಲಿನ ಸೂಪು, ಮೆಣಸು ಜಾಸ್ತಿ ಹಾಕಿ, ಆಸ್ಪತ್ರೆಗೆ ತಲುಪಿಸುತ್ತೇನೆ. ಆಸ್ಪತ್ರೆ ನಿಮ್ಮ ಮನೆಯಲ್ಲ.

ವಸಂತಮ್ಮ


ಬೆಳ್ಳಂದೂರು
30-3-2006, ಯುಗಾದಿ

ವಸಂತಮ್ಮನವರಿಗೆ,

ಹಬ್ಬದ ದಿನ ಒಗ್ಗರಣೆ ಇಲ್ಲದ ಅಡಿಗೆ ಮಾಡಿದೆ. ಒಬ್ಬಟ್ಟಿಲ್ಲ. ಸೊಸೆ ಮನೆಯಲ್ಲಿಲ್ಲದಿದ್ದರೂ ತಾಯಿಯನ್ನು ಇನ್ನೂ ಕಳಿಸಿಕೊಟ್ಟಿಲ್ಲ. ಬೇವು, ಅರಿಶಿನ ಹಾಕಿದ ನೀರು ಅವಳ ಮೈ ಮೇಲೆ ಹಾಕಿ, ಮೊಸರನ್ನದ ಎಡೆ ಇಟ್ಟು, ಗುಡಿಗೆ ತಂಪು ಹೊರಬೇಕು. ಅದು ಈ ಮನೆಯಲ್ಲೇ ಆಗಬೇಕು. ಅವಳು ಇಲ್ಲಿಗೇ ಬರುತ್ತಾಳೆ.

ತಟ್ಟೆ ಖಾಲಿ ಮಾಡಿದ್ದು ಯಾರು ಎಂದು ಮನೆಯವರನ್ನೆಲ್ಲ ಕೇಳಿ ನೋಡಿದೆ, ಯಾರೂ ತಾನಲ್ಲ ಅನ್ನುತ್ತಾರೆ. ಹಾಗೆಂದು ಸೋತೆ ಎಂದುಕೊಳ್ಳಬೇಡಿ. ನಾಳೆ ನಾನೂ ಮೊಸರನ್ನ ಕಳಿಸುತ್ತೇನೆ. ಗಟ್ಟಿ ಹುಳಿ ಮೊಸರು, ನಿಂಬೆಕಾಯಿ ಉಪ್ಪಿನಕಾಯಿ. ಬಾಯಿಗೆ ರುಚಿ ಬರಲಿ. ನಿಮ್ಮ ಕಾಲು ಸೂಪನ್ನು ಅವಳ ಹತ್ತಿರ ಇಡಬಾರದು ಎಂದು ಮಗನಿಗೆ ಹೇಳಿದ್ದೇನೆ. ಈ ಸಲ ಅವನು ತಿಂದರೆ ಕಾಲು ಮುರಿಯುತ್ತೇನೆ ಎಂದೂ ಹೇಳಿದ್ದೇನೆ.

ಸೊಣ್ಣಮ್ಮ


ಆಸ್ಪತ್ರೆ, ಎರಡನೇ ಮಹಡಿ
31-3-2006

ಅಮ್ಮನಿಗೆ ಮತ್ತು ಅತ್ತೆಗೆ,

ಇದನ್ನು ಎರಡು ಸಲ ಬರೆದಿದ್ದೇನೆ. ಒಂದು ಪೀಣ್ಯಕ್ಕೆ, ಒಂದು ಬೆಳ್ಳಂದೂರಿಗೆ. ಒಂದಕ್ಷರವೂ ಹೆಚ್ಚುಕಮ್ಮಿ ಇಲ್ಲ. ಅವರಿಗೇನು ಬರೆದಳು ಎಂದು ಯಾರೂ ಶಿವುವನ್ನು ಕಾಡಬೇಡಿ. ಅವನ ಜೊತೆ ಜಗಳ ನಾನೇ ಆಡಿದ್ದೇನೆ, ಅದು ಇನ್ನೂ ಮುಗಿದಿಲ್ಲ, ಅದಕ್ಕೂ ನೀವು ಬರಬೇಡಿ.

ಇವತ್ತು ಬೆಳಿಗ್ಗೆ ನನ್ನ ಮಂಚದ ಈ ಕಡೆ ಒಂದು ಕ್ಯಾರಿಯರ್ ಬಂತು, ಆ ಕಡೆ ಒಂದು ಕ್ಯಾರಿಯರ್ ಬಂತು. ಒಂದರಲ್ಲಿ ಮೆಣಸಿನ ಸೂಪು. ಒಂದರಲ್ಲಿ ಹುಳಿ ಮೊಸರು, ಉಪ್ಪಿನಕಾಯಿ. ನರ್ಸು ಎರಡನ್ನೂ ತೆಗೆದು ನೋಡಿ, "ನಿಮ್ಮ ಮನೆಯೋರಿಗೆ ನಿಮ್ಮ ಬಾಯಿ ವಿಷ್ಯ ಗೊತ್ತಿಲ್ವಾ ಮೇಡಂ?" ಎಂದು ಕೇಳಿದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ನನ್ನ ಬಾಯೊಳಗೆಲ್ಲ ಗುಳ್ಳೆ ಎದ್ದಿತ್ತು. ನಾಲಿಗೆ ಮೇಲೆ, ಅಂಗುಳದ ಮೇಲೆ, ಗಂಟಲಿನ ತನಕ. ಮೊದಲ ದಿನದಿಂದ. ಅತ್ತೆ, ನಿಮ್ಮ ಅಂಬಲಿಯ ಉಪ್ಪು, ಹುಳಿ ಅದರ ಮೇಲೆ ಬಿದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಎರಡನೇ ದಿನ ನಿಮಗೆ "ಗಂಟಲು ಉರಿ ಅತ್ತೆ" ಎಂದೆ. ನೀವು ಕೆನ್ನೆ ಬಡಿದುಕೊಂಡು, "ಅಂಗನ್ಬಾರ್ದು ಕಣವ್ವ, ತಾಯಿ ಕೇಳಿಸ್ಕೋತಾಳೆ" ಎಂದಿರಿ. ತಾಯಿ ಕೇಳಿಸಿಕೊಳ್ಳಲಿ ಎಂದೇ ಅಲ್ಲವಾ ನಾನು ಹೇಳಿದ್ದು? ಯಾರಾದರೂ ಒಬ್ಬರು ಕೇಳಿಸಿಕೊಳ್ಳಲಿ ಎಂದು. ಆಮೇಲೆ ಆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಶಿವುಗೂ. ಎಳನೀರು ಒಂದೇ ಹೇಗೋ ಇಳಿಯುತ್ತಿತ್ತು, ಕೆಮ್ಮು ಬಂತೆಂದು ಅದನ್ನೂ ನಿಲ್ಲಿಸಿದಿರಿ.

ಅಮ್ಮ, ನಿನಗೆ ಫೋನಿನಲ್ಲಿ ಹೇಳಲು ಹೋದೆ. ಬಾಯಿ ತೆರೆದರೆ ತುಟಿ ಸೀಳುತ್ತಿತ್ತು, ಅದಕ್ಕೇ ಏನು ಕೇಳಿದರೂ ಬರೀ ಹ್ಞೂಂ. ಆವತ್ತು ಧೈರ್ಯ ಮಾಡಿ, ನುಂಗಕ್ಕೆ ಆಗ್ತಿಲ್ಲ ಎಂದು ಹೇಳಬೇಕಿತ್ತು. ಒಂದು ಪದ ಆಡುವಷ್ಟರಲ್ಲಿ ನೀನು ಅತ್ತೆಯನ್ನು ಬೈಯಲು ಶುರುಮಾಡಿದೆ. ಕಾಯಿನ್ ಮುಗಿಯುವ ತನಕ ಬೈದೆ. ಆಮೇಲೆ ಫೋನ್ ಕಟ್ ಆಯಿತು. ಅತ್ತೆ ನನ್ನ ಪಕ್ಕದಲ್ಲಿ ಇರಲೇ ಇಲ್ಲ, ಹಿತ್ತಿಲಿನಲ್ಲಿ ಇದ್ದರು.

ತಟ್ಟೆ, ಡಬ್ಬಿ ಖಾಲಿ ಮಾಡುತ್ತಿದ್ದವರು ಯಾರು ಎಂದು ನೀವಿಬ್ಬರೂ ಕಾಗದದಲ್ಲಿ ವಿಚಾರಣೆ ನಡೆಸುತ್ತಿದ್ದೀರಂತೆ. ನನ್ನ ಕಿಟಕಿಯ ಕೆಳಗೆ ಕೋಳಿಗಳಿವೆ. ತಟ್ಟೆ ಹಾಗೇ ವಾಪಸು ಕೊಟ್ಟರೆ ಅತ್ತೆ ನಮ್ಮನೆ ಊಟ ಸೇರಲ್ಲ ಅನ್ನುತ್ತಾರೆ, ಅದು ಅಮ್ಮನ ಕಿವಿಗೆ ಬೀಳುತ್ತದೆ, ಅಮ್ಮ ಇನ್ನೊಂದು ಕಾಗದ ಬರೆಯುತ್ತಾಳೆ. ಉಪವಾಸ ಇರುವುದು ಅದಕ್ಕಿಂತ ಸುಲಭ ಅನ್ನಿಸಿತು. ಎಂಥ ಹುಚ್ಚುತನ ಎಂದು ಈಗ ಅನ್ನಿಸುತ್ತದೆ. ನಿಮ್ಮಿಬ್ಬರ ಜಗಳ ತಣ್ಣಗಿರಲಿ ಎಂದು ನಾನು ಸಾಯಲು ಹೊರಟಿದ್ದೆ.

ಇಲ್ಲಿನ ಡಾಕ್ಟರು ನನ್ನಷ್ಟೇ ವಯಸ್ಸಿನವರು. ಬಂದವರೇ ಕೇಳಿದ ಮೊದಲ ಮಾತು, "ಬಾಯಿ ತೆಗೀರಿ, ನೋಡೋಣ." ಟಾರ್ಚ್ ಹಿಡಿದು ನೋಡಿ, ತಣ್ಣಗಿನ ಹಾಲು, ಅರೆದ ಅನ್ನ, ಕಿವುಚಿದ ಬಾಳೆಹಣ್ಣು, ಉಪ್ಪಿಲ್ಲದೆ, ಖಾರವಿಲ್ಲದೆ, ಹುಳಿಯಿಲ್ಲದೆ ಕೊಡಿ ಎಂದು ನರ್ಸಿಗೆ ಹೇಳಿದರು. ಈಗ ಅದನ್ನೇ ತಿನ್ನುತ್ತಿದ್ದೇನೆ. ಅದು ಪೀಣ್ಯದಲ್ಲೂ ಇತ್ತು, ಬೆಳ್ಳಂದೂರಿನಲ್ಲೂ ಇತ್ತು. ಅತ್ತೆಯ ಯಾವ ಕಟ್ಟಳೆಯೂ ಮುರಿಯುತ್ತಿರಲಿಲ್ಲ, ಅಮ್ಮನ ಯಾವ ಹಾಳೆಯೂ ಬೇಡ ಅನ್ನುತ್ತಿರಲಿಲ್ಲ. ನನಗೆ ಏನು ತಿನ್ನಿಸಬೇಕು ಎಂದು ನೀವು ಇಷ್ಟು ಕಾಗದ ಬರೆದುಕೊಂಡಿರಿ. ನಿನಗೆ ಏನು ತಿನ್ನಲು ಆಗುತ್ತದೆ ಎಂದು ಒಬ್ಬರೂ ನನ್ನನ್ನು ಕೇಳಲಿಲ್ಲ.

ಸೋಮವಾರ ನನ್ನನ್ನು ಬಿಡುತ್ತಾರೆ. ಎಲ್ಲಿಗೆ ಹೋಗಬೇಕು ಎಂದು ನೀವಿಬ್ಬರೂ ತೀರ್ಮಾನ ಮಾಡಿ ಮುಗಿಸಿದ್ದೀರಿ ಎಂದು ಕೇಳಿದೆ. ನಾನು ಇನ್ನೂ ಮಾಡಿಲ್ಲ.

ಭಾನುವಾರ ಸಂಜೆ ಇಬ್ಬರನ್ನೂ ಒಳಗೆ ಬಿಡುತ್ತಾರೆ, ನಾನು ಕೇಳಿಕೊಂಡಿದ್ದೇನೆ. ಇಬ್ಬರೂ ಬನ್ನಿ. ಕ್ಯಾರಿಯರ್ ಬೇಡ, ಫ್ಲಾಸ್ಕ್ ಬೇಡ, ರೋಗಿಯನ್ನು ನೋಡಲು ಹೇಗೆ ಹಾಗೇ ಹೋಗುವುದು ಎಂದು ಎರಡು ಬಾಳೆಹಣ್ಣನ್ನೂ ತರಬೇಡಿ. ಬರಿಗೈಯಲ್ಲಿ ಬನ್ನಿ. ನಾನು ಬಾಯಿ ತೆರೆಯುತ್ತೇನೆ, ಇಬ್ಬರೂ ಬಗ್ಗಿ ಒಳಗೆ ನೋಡಿ. ಆಮೇಲೆ ನಾನು ಮಾತಾಡುತ್ತೇನೆ. ಇನ್ನೂ ತುಂಬ ನಿಧಾನವಾಗಿ ಮಾತ್ರ ಆಗುತ್ತದೆ. ಮುಗಿಯುವ ತನಕ ಸುಮ್ಮನೆ ಕೂತಿರಿ.

ಲಾವಣ್ಯ